ವಿಯೆಟ್ನಾಂನಿಂದ ಮರಳಿದ ಸೈನಿಕರು ಮತ್ತು ಹೆರಾಯಿನ್: ರಾಬಿನ್ಸ್ ಅಧ್ಯಯನದ ಟಿಪ್ಪಣಿ

ಮಾದಕ ವಸ್ತು ಬದುಕನ್ನು ಹಾಳುಮಾಡುತ್ತದೆಯೋ, ಮೊದಲೇ ಹದಗೆಟ್ಟ ಬದುಕು ಅದನ್ನು ಹುಡುಕಿಕೊಂಡು ಹೋಗುತ್ತದೆಯೋ? ಈ ಚರ್ಚೆಗೆ ಅಮೆರಿಕದ ಸಮಾಜಶಾಸ್ತ್ರಜ್ಞೆ ಲೀ ರಾಬಿನ್ಸ್ ಅವರ ಅಧ್ಯಯನದಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ ಎಂಬುದು ನನ್ನ ಅನಿಸಿಕೆ. ತೊಂದರೆ ಏನೆಂದರೆ, ಅದನ್ನು ಉದಾಹರಿಸುವವರಲ್ಲಿ ಬಹಳ ಮಂದಿ ಅರ್ಧ ಓದಿ ಬಿಟ್ಟಿರುತ್ತಾರೆ.

1971ರಲ್ಲಿ ವಿಯೆಟ್ನಾಂನಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಹೆರಾಯಿನ್ ಚಟ ಹಬ್ಬಿದೆ ಎಂಬ ಸುದ್ದಿ ವಾಷಿಂಗ್ಟನ್ನಿನಲ್ಲಿ ಗಾಬರಿ ಹುಟ್ಟಿಸಿತು. ಅಲ್ಲಿ ಸಿಗುತ್ತಿದ್ದ ಮಾಲು ಅಗ್ಗ, ಬಹಳ ಶುದ್ಧ. ಸೂಜಿ ಬೇಕಿರಲಿಲ್ಲ, ಸಿಗರೇಟಿಗೆ ಬೆರೆಸಿ ಸೇದಿದರೆ ಸಾಕು. ಆ ಜೂನ್‌ನಲ್ಲಿ ಅಧ್ಯಕ್ಷ ನಿಕ್ಸನ್ ಮಾದಕ ವ್ಯಸನವೇ ದೇಶದ ಮೊದಲ ಶತ್ರು ಎಂದು ಸಾರಿದರು. ಊರಿಗೆ ಹೊರಟವರಿಗೆ ಮೂತ್ರ ಪರೀಕ್ಷೆ ಕಡ್ಡಾಯವಾಯಿತು. ಸಿಕ್ಕಿಬಿದ್ದವರನ್ನು ಕೆಲವು ದಿನ ಅಲ್ಲೇ ಇರಿಸಿಕೊಂಡು, ಅಮಲು ಬಿಡಿಸಿ ಕಳಿಸುತ್ತಿದ್ದರು.

ಆ ಸೆಪ್ಟೆಂಬರ್‌ನಲ್ಲಿ ಮರಳಿದವರಲ್ಲಿ ಸುಮಾರು 900 ಮಂದಿಯನ್ನು ರಾಬಿನ್ಸ್ ತಂಡ ಮುಂದಿನ ವರ್ಷ ಹುಡುಕಿ ಮಾತಾಡಿಸಿತು. ಸುಳ್ಳು ಹೇಳಿರಬಹುದಲ್ಲ ಎಂದು ನೀವು ಕೇಳಬಹುದು. ಅದಕ್ಕೇ ತಂಡ ಸೈನ್ಯದ ದಾಖಲೆಗಳನ್ನು ತಾಳೆ ನೋಡಿತು, ಸಂದರ್ಶನದ ಹೊತ್ತಿಗೆ ಮೂತ್ರದ ಮಾದರಿಯನ್ನೂ ಪಡೆಯಿತು.

ಸಿಕ್ಕ ಅಂಕಿಗಳು: ವಿಯೆಟ್ನಾಂನಲ್ಲಿ ಹೆರಾಯಿನ್ ಅಥವಾ ಅಫೀಮಿನ ರುಚಿ ನೋಡಿದವರು ಸುಮಾರು ಶೇ. 45. ಚಟಕ್ಕೆ ಬಿದ್ದವರು ಸುಮಾರು ಶೇ. 20. ಹೀಗೆ ಚಟಕ್ಕೆ ಬಿದ್ದವರಲ್ಲಿ, ಮರಳಿದ ಮೊದಲ ವರ್ಷದೊಳಗೆ ಮತ್ತೆ ವ್ಯಸನಿಗಳಾದವರು ಸುಮಾರು ಶೇ. 5, ಮೂರು ವರ್ಷದ ಲೆಕ್ಕ ಹಿಡಿದರೂ ಸುಮಾರು ಶೇ. 12. ಇನ್ನೂ ಅಚ್ಚರಿಯೆಂದರೆ, ಅಲ್ಲಿ ಚಟಕ್ಕೆ ಬಿದ್ದಿದ್ದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಊರಿಗೆ ಬಂದ ಮೇಲೂ ಒಮ್ಮೆಯಾದರೂ ಹೆರಾಯಿನ್ ಮುಟ್ಟಿದ್ದರು. ಮುಟ್ಟಿದವರೆಲ್ಲ ಅದರ ಬಲೆಗೆ ಬೀಳಲಿಲ್ಲ. ‘ಒಮ್ಮೆ ಸೇವಿಸಿದರೆ ಮುಗಿಯಿತು’ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಹೆಚ್ಚಿನ ಟಿಪ್ಪಣಿಗಳು ಇಲ್ಲಿಂದ ನೇರವಾಗಿ ಒಂದು ತೀರ್ಮಾನಕ್ಕೆ ಜಿಗಿಯುತ್ತವೆ: ಯುದ್ಧದ ನೋವು ಅವರನ್ನು ಹೆರಾಯಿನ್ನಿಗೆ ತಳ್ಳಿತು, ಯುದ್ಧ ಮುಗಿಯಿತು, ಚಟವೂ ಬಿಟ್ಟಿತು. ಕೇಳಲು ಚೆನ್ನಾಗಿದೆ, ಆದರೆ ಮಾಹಿತಿ ಹಾಗೆ ಹೇಳುವುದಿಲ್ಲ. ಸೈನ್ಯ ಸೇರುವ ಮುಂಚಿನ ಹಿನ್ನೆಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ, ಹೆಚ್ಚು ಕಾಳಗ ಕಂಡವರು ಕಡಿಮೆ ಕಂಡವರಿಗಿಂತ ಹೆಚ್ಚೇನೂ ಸೇವಿಸಿರಲಿಲ್ಲ. ಹಲವರು ಅಲ್ಲಿಗೆ ಹೋದ ಹೊಸತರಲ್ಲೇ ಶುರುಮಾಡಿದ್ದರು. ಯಾರು ಸೇವಿಸಿಯಾರು ಎಂಬುದನ್ನು ಚೆನ್ನಾಗಿ ಸೂಚಿಸಿದ್ದು ಹಳೆಯ ಬದುಕು: ಸೈನ್ಯಕ್ಕೆ ಸೇರುವ ಮೊದಲೇ ಇದ್ದ ಮಾದಕ ಸೇವನೆ, ಹದಿಹರೆಯದ ಪುಂಡಾಟ. ಅಂದರೆ ಚಟದ ಹಿಂದೆ ಬದುಕಿನ ‘ಆಳದ ತೊಂದರೆ’ ಇತ್ತು ಎನ್ನುವುದಾದರೂ ಅದು ನಾವು ಊಹಿಸಿದ ಜಾಗದಲ್ಲಿ ಇರಲಿಲ್ಲ. ಜೊತೆಗೆ, ಅಷ್ಟು ಸುಲಭವಾಗಿ ಸಿಗದೇ ಹೋಗಿದ್ದರೆ ಇವರಲ್ಲಿ ಎಷ್ಟೋ ಮಂದಿ ಹೆರಾಯಿನ್ನಿನ ಮುಖವನ್ನೇ ನೋಡುತ್ತಿರಲಿಲ್ಲ. ವಸ್ತುವಿನ ಪಾತ್ರವೇ ಇಲ್ಲ ಎಂದು ಬರೆದರೂ ತಪ್ಪಾಗುತ್ತದೆ.

ಈ ಅಧ್ಯಯನವನ್ನು ಉದಾಹರಿಸುವಾಗ ಅದರ ಮಿತಿಯನ್ನೂ ಸೇರಿಸಿ. ಈ ಸೈನಿಕರು ಚಟ ಹತ್ತಿದ ಜಾಗ ಬಿಟ್ಟು ಸಾವಿರಾರು ಮೈಲಿ ದೂರ ಬಂದಿದ್ದರು. ಊರಿನಲ್ಲಿ ಹೆರಾಯಿನ್ ದುಬಾರಿ, ಕಲಬೆರಕೆ, ಬಹುಪಾಲು ಸೂಜಿಯ ವ್ಯವಹಾರ. ಸುತ್ತಲಿನ ಸಂಗಡಿಗರೂ ಬೇರೆ. ಚಿಕಿತ್ಸೆ ಮುಗಿಸಿ ಅದೇ ಬೀದಿಗೆ, ಅದೇ ಗೆಳೆಯರ ನಡುವೆ ವಾಪಸಾಗುವ ವ್ಯಸನಿಗೆ ಈ ಶೇ. 5ರ ಲೆಕ್ಕವನ್ನು ನೇರವಾಗಿ ಅನ್ವಯಿಸುವಂತಿಲ್ಲ.