ರಿಲೇ ಇದೆಯಲ್ಲ, ಮತ್ತೆ ಫ್ಯೂಸ್ ಯಾಕೆ?

ಪ್ರಶ್ನೆ: ಕಾರಿಗೆ ಹೊರಗಡೆ ರಿಮೋಟ್ ಲಾಕಿಂಗ್ ಕಿಟ್ ಹಾಕಿಸಿದ್ದೇನೆ. ಅದರ ರಿಮೋಟ್‌ನಲ್ಲಿ ಡಿಕ್ಕಿ ತೆರೆಯುವ ಬಟನ್ ಖಾಲಿ ಬಿದ್ದಿದೆ. ಲಾಕ್ ಎಳೆಯುವ ಸೊಲೆನಾಯ್ಡ್ ತಂದಾಯಿತು, ಅದಕ್ಕೆ ಕರೆಂಟ್ ಬಿಡುವ ಸ್ವಿಚ್ಚಾಗಿ 30 ಆಂಪ್‌ನ ರಿಲೇ ತಂದಾಯಿತು. ಬ್ಯಾಟರಿಯಿಂದ ನೇರ ಒಂದು ವೈರ್ ಎಳೆದು ರಿಲೇಗೆ ಕೊಟ್ಟರೆ ಸಾಕಲ್ಲವೇ? ರಿಲೇ ಇರುವಾಗ ಫ್ಯೂಸ್ ಬೇರೆ ಬೇಕೇ?

ಉತ್ತರ: ಬೇಕು.

ಒಂದೇ ಪದದ ಈ ಉತ್ತರ ಕೊಟ್ಟೂ ಕೊಟ್ಟೂ ಸಾಕಾಗಿದೆ. ಹಾರ್ನ್ ಬಗ್ಗೆ ಕೇಳುವವರದ್ದೂ ಇದೇ ಪ್ರಶ್ನೆ, ಫಾಗ್ ಲ್ಯಾಂಪ್‌ನವರದ್ದೂ ಇದೇ. ಆದ್ದರಿಂದ ಈ ಸಲ ಪೂರ್ತಿ ಬಿಡಿಸಿ ಬರೆಯುತ್ತಿದ್ದೇನೆ.

ಈ ತಪ್ಪು ಎಲ್ಲಿ ಹುಟ್ಟುತ್ತದೆ ಎಂದು ಊಹಿಸಬಹುದು. ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ನೋಡಿದವರಿಗೆ ‘ರಿಲೇ ಟ್ರಿಪ್ ಆಯ್ತು’ ಎಂಬ ಮಾತು ಹೊಸದಲ್ಲ. ಒಂದು ಫೇಸ್ ಹೋಯಿತು, ಮೋಟಾರ್ ಜಾಮ್ ಆಯಿತು ಎಂದರೆ ರಿಲೇ ಬಿದ್ದು ಮೋಟಾರ್ ಉಳಿಯುತ್ತದೆ. ರೀಸೆಟ್ ಒತ್ತಿದರೆ ಮತ್ತೆ ಓಡುತ್ತದೆ. ಆದರೆ ಅದು ಓವರ್‌ಲೋಡ್ ರಿಲೇ. ಮೋಟಾರಿನ ಕರೆಂಟ್ ಅದರೊಳಗಿನ ಎರಡು ಲೋಹ ಸೇರಿಸಿದ ಪಟ್ಟಿಯನ್ನು ಕಾಯಿಸುತ್ತದೆ, ಪಟ್ಟಿ ಬಾಗುತ್ತದೆ, ಬಾಗಿದರೆ ಟ್ರಿಪ್. ಕಾರಿನ ರಿಲೇಗೆ ಆ ಪೆಟ್ಟಿಗೆಯಲ್ಲಿ ನೆಂಟನೊಬ್ಬ ಇದ್ದಾನೆ ನಿಜ. ಅವನು ಓವರ್‌ಲೋಡ್ ರಿಲೇ ಅಲ್ಲ, ಅದರ ಮೇಲೆ ಕೂತು ಖಟ್ ಎನ್ನುವ ಕಾಂಟ್ಯಾಕ್ಟರ್, ಅಂದರೆ ಕಾಯಿಲ್ ಎಳೆಯುವ ಬರೀ ಸ್ವಿಚ್. ಅವನಿಗೆ ಎಳೆಯುವುದು, ಬಿಡುವುದು ಬಿಟ್ಟು ಮೂರನೆಯ ಕೆಲಸ ಗೊತ್ತಿಲ್ಲ.

ಅದರ ಮೇಲೆ ಕಾರಿನ ರಿಲೇಯ ಬೆನ್ನಿಗೆ ‘30 ಆಂಪ್’ ಎಂದು ಬೇರೆ ಅಚ್ಚಾಗಿರುತ್ತದೆ. ಮನೆಯ ಎಂಸಿಬಿ ಮೇಲೂ 16, 32 ಎಂದಿರುತ್ತದಲ್ಲ, ಹಾಗಾಗಿ 30 ದಾಟಿದರೆ ಇದೂ ಬೀಳುತ್ತದೆ ಎಂಬ ನಂಬಿಕೆ. ಬೀಳುವುದಿಲ್ಲ. ‘30 ಆಂಪ್‌ವರೆಗೆ ನನ್ನ ಪಾಯಿಂಟ್ ತಾಳುತ್ತದೆ, ಆಮೇಲಿನದು ನಿಮ್ಮ ಪಾಡು’ ಎಂಬುದು ಆ ಬರಹದ ಅರ್ಥ.

ಹಳೆಯ ರಿಲೇಯೊಂದರ ಪ್ಲಾಸ್ಟಿಕ್ ಡಬ್ಬಿಯನ್ನು ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿ ನೋಡಿ. ಕೂದಲಿನಷ್ಟು ತೆಳ್ಳಗಿನ ತಂತಿ ಸುತ್ತಿದ ಕಾಯಿಲ್, ಅದರ ತಲೆಯ ಮೇಲೆ ಒಂದು ಕಬ್ಬಿಣದ ರೆಕ್ಕೆ, ಒಂದು ಸ್ಪ್ರಿಂಗ್, ಎರಡು ಮೂರು ಬೆಳ್ಳಿ ಬಣ್ಣದ ಪಾಯಿಂಟ್. ಇಷ್ಟೇ. ಪಿನ್‌ಗಳಿಗೆ ಕೊಟ್ಟಿರುವ ನಂಬರಿನಲ್ಲಿ ಹೇಳುವುದಾದರೆ, ಕಾಯಿಲ್ ಇರುವುದು 85 ಮತ್ತು 86ರ ನಡುವೆ. ಭಾರದ ಕರೆಂಟ್ ಹರಿಯುವುದು 30ರಿಂದ 87ಕ್ಕೆ. ಇವೆರಡು ದಾರಿ ಒಳಗೆ ಎಲ್ಲಿಯೂ ಕೂಡುವುದಿಲ್ಲ. 30ರಿಂದ 87ಕ್ಕೆ ಐದು ಆಂಪ್ ಹೋದರೂ ಇನ್ನೂರು ಹೋದರೂ ಕಾಯಿಲ್‌ಗೆ ಸುದ್ದಿಯೇ ಮುಟ್ಟುವುದಿಲ್ಲ. ಸುದ್ದಿಯೇ ಮುಟ್ಟದವನು ಕಾಪಾಡುವುದಾದರೂ ಹೇಗೆ?

ಈಗ ನಿಮ್ಮ ವೈರಿಂಗ್‌ಗೆ ಬನ್ನಿ. ಬ್ಯಾಟರಿಯಿಂದ ಹೊರಟ ವೈರ್ ಫೈರ್‌ವಾಲ್‌ನ (ಎಂಜಿನ್‌ಗೂ ಕಾರಿನ ಒಳಭಾಗಕ್ಕೂ ನಡುವಿನ ತಗಡಿನ ಗೋಡೆ) ತೂತು ದಾಟಿ ಡ್ಯಾಶ್‌ಬೋರ್ಡ್ ಕೆಳಗಿನ ರಿಲೇಯ 30ಕ್ಕೆ ಬರುತ್ತದೆ. ತೂತಿಗೆ ರಬ್ಬರ್ ಬಳೆ (ಗ್ರೊಮೆಟ್) ಹಾಕದಿದ್ದರೆ ತಗಡಿನ ಅಂಚು ಇನ್ಸುಲೇಷನ್‌ಅನ್ನು ನಿಧಾನಕ್ಕೆ ಕೊಯ್ಯುತ್ತದೆ. ಆರು ತಿಂಗಳೋ ವರ್ಷವೋ ಕಳೆದು ತಾಮ್ರ ತಗಡಿಗೆ ತಾಗಿದ ದಿನ ಏನಾಗುತ್ತದೆ? ಶಾರ್ಟ್ ಆದದ್ದು ರಿಲೇಗಿಂತ ಮೊದಲೇ. ರಿಲೇ ಆನ್ ಇದ್ದರೂ ಆಫ್ ಇದ್ದರೂ ಬೇರೆ ಕಾರಿನಲ್ಲಿದ್ದರೂ ವ್ಯತ್ಯಾಸವಿಲ್ಲ. ಸ್ಟಾರ್ಟರ್ ಮೋಟಾರ್‌ಗೆ ನೂರಕ್ಕೂ ಮೀರಿ ಆಂಪ್ ಉಣಿಸುವ ಬ್ಯಾಟರಿ ಅಷ್ಟನ್ನೂ ಈ ವೈರ್‌ಗೆ ಸುರಿಯುತ್ತದೆ. ಕೆಲವೇ ಸೆಕೆಂಡಿನಲ್ಲಿ ವೈರ್‌ನ ಮೈ ಕರಗಿ ಪಕ್ಕದ ಕಂಪನಿ ಹಾರ್ನೆಸ್ಸನ್ನೂ (ವೈರ್‌ಗಳ ಕಟ್ಟು) ಜೊತೆಗೆ ಕರೆದುಕೊಂಡು ಹೋಗುತ್ತದೆ. ‘12 ವೋಲ್ಟ್ ತಾನೇ’ ಎನ್ನುವವರಿಗೆ ಇಷ್ಟೇ ಮಾತು: 12 ವೋಲ್ಟ್ ನಿಮಗೆ ಶಾಕ್ ಹೊಡೆಯುವುದಿಲ್ಲ, ಕಾರನ್ನು ಸುಡಬಲ್ಲದು.

ರಿಲೇಯ ಆಚೆ, 87ರಿಂದ ಡಿಕ್ಕಿಗೆ ಹೋಗುವ ವೈರ್ ಶಾರ್ಟ್ ಆದರೆ? ಆಗ ಬಟನ್ ಒತ್ತಿದ ಕ್ಷಣ ಪಾಯಿಂಟ್‌ಗಳು ಬೆಸುಗೆಯಾಗಿ ಅಂಟಿಕೊಳ್ಳುತ್ತವೆ. ಕಾಯಿಲ್ ಬಿಟ್ಟರೂ ಸ್ಪ್ರಿಂಗ್‌ಗೆ ಅವನ್ನು ಕೀಳುವ ಶಕ್ತಿ ಇಲ್ಲ. ಕಾಪಾಡಬೇಕಾದವನೇ ಬಾಗಿಲು ತೆರೆದು ನಿಂತಂತೆ.

ಹಾಗಾಗಿ ಫ್ಯೂಸ್ ಬ್ಯಾಟರಿಯ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ ಇರಲೇಬೇಕು. ರಿಲೇ ಪಕ್ಕದಲ್ಲಿ ಹಾಕಿದರೆ ಬ್ಯಾಟರಿಯಿಂದ ಅಲ್ಲಿವರೆಗಿನ ವೈರ್ ಅನಾಥ. ಫ್ಯೂಸ್ ಕಾಯುವುದು ಸೊಲೆನಾಯ್ಡನ್ನಲ್ಲ, ವೈರನ್ನು. ಅಳತೆಯೂ ವೈರ್ ನೋಡಿಯೇ. 1.5 ಚದರ ಮಿ.ಮೀ. ವೈರ್‌ಗೆ ನೀಲಿ ಬಣ್ಣದ 15 ಆಂಪ್ ಬ್ಲೇಡ್ ಫ್ಯೂಸ್. ಅದು ಹೋಗುತ್ತಿದೆ ಎಂದು ಹಳದಿ 20, ಹಸಿರು 30 ಎಂದು ಏರಿಸುತ್ತಾ ಹೋಗಬೇಡಿ. ಹೋದ ಕಾರಣ ಹುಡುಕಿ. ಇನ್ನೊಂದು ವಿಷಯ: 15ರ ಫ್ಯೂಸ್ 16 ಆಂಪ್‌ಗೆ ಪಟ್ ಎನ್ನುವುದಿಲ್ಲ. 20 ಆಂಪ್‌ನಲ್ಲಿ ನಿಮಿಷಗಟ್ಟಲೆ ತಾಳಬಹುದು, 30 ಆದರೆ ಐದು ಸೆಕೆಂಡಿನೊಳಗೆ ಹೋಗುತ್ತದೆ. ಸೊಲೆನಾಯ್ಡ್ ಎಳೆಯುವುದು ಕ್ಷಣಮಾತ್ರ, ಅದೂ ಹತ್ತು-ಹನ್ನೆರಡು ಆಂಪ್. ಈ ಫ್ಯೂಸ್‌ಗೆ ಅದು ಲೆಕ್ಕಕ್ಕಿಲ್ಲ.

ಇನ್ನು ಜೋಡಣೆ. ಇದು ಸುಲಭ. ಮೊದಲು ಕಿಟ್‌ನ ಡಿಕ್ಕಿ ವೈರ್ ಏನು ಕೊಡುತ್ತದೆ ನೋಡಿ. ಬಣ್ಣ ನಂಬಬೇಡಿ, ಕಿಟ್‌ನಿಂದ ಕಿಟ್‌ಗೆ ಬದಲಾಗುತ್ತದೆ. ಮಲ್ಟಿಮೀಟರ್ 20 ವೋಲ್ಟ್ ಡಿಸಿಗೆ ಇಟ್ಟು ಕೆಂಪು ಕಡ್ಡಿಯನ್ನು ಬ್ಯಾಟರಿ ಪಾಸಿಟಿವ್‌ಗೆ, ಕಪ್ಪನ್ನು ಆ ವೈರ್‌ಗೆ ಹಿಡಿದು ಬಟನ್ ಒತ್ತಿ. ಕೆಲವು ರಿಮೋಟ್‌ಗಳಲ್ಲಿ ಎರಡು ಮೂರು ಸೆಕೆಂಡ್ ಒತ್ತಿ ಹಿಡಿಯಬೇಕು. 12ರ ಹತ್ತಿರ ಹಾರಿ ಇಳಿದರೆ ಅದು ನೆಗೆಟಿವ್ ಟ್ರಿಗರ್, ಅಂದರೆ ಬಟನ್ ಒತ್ತಿದಾಗ ನೆಗೆಟಿವ್ ಕೊಡುವ ವೈರ್. ಹೆಚ್ಚಿನ ಕಿಟ್‌ಗಳು ಹೀಗೇ, ಮುಂದಿನ ಜೋಡಣೆಯೂ ಅಂಥವಕ್ಕೇ. ಆ ವೈರ್‌ನ ಹಿಂದೆ ಇರುವುದು ಪುಟ್ಟ ಟ್ರಾನ್ಸಿಸ್ಟರ್. ಅರ್ಧ ಆಂಪ್ ಕೂಡ ಅದಕ್ಕೆ ಭಾರ. ಸೊಲೆನಾಯ್ಡನ್ನು ನೇರ ಅದಕ್ಕೆ ಕಟ್ಟಿದರೆ ಮೊದಲ ಒತ್ತಿಗೇ ಕಥೆ ಮುಗಿಯುತ್ತದೆ. ರಿಲೇ ಬೇಕಾಗುವುದು ಇದಕ್ಕೆ: ಕಾಯಿಲ್ ಕೇಳುವುದು ಬರೀ 0.15 ಆಂಪ್.

ಟ್ರಿಗರ್ ವೈರ್ 85ಕ್ಕೆ. ಫ್ಯೂಸ್ ದಾಟಿ ಬಂದ ಪಾಸಿಟಿವ್ 30ಕ್ಕೆ, ಅದರಿಂದಲೇ ಅದೇ ದಪ್ಪದ ಚಿಕ್ಕ ತುಂಡೊಂದು 86ಕ್ಕೆ. 87ರಿಂದ ಸೊಲೆನಾಯ್ಡ್‌ಗೆ, ಅದರ ಇನ್ನೊಂದು ತುದಿ ಕಾರಿನ ಬಾಡಿಯ ತಗಡಿಗೆ (ಅದೇ ಅರ್ತ್), ಬಣ್ಣ ಕೆರೆದು ರಿಂಗ್ ಲಗ್ ಹಾಕಿ ಬಿಗಿದು. ಡಿಕ್ಕಿವರೆಗೆ ನಾಲ್ಕು ಮೀಟರ್ ಎಂದುಕೊಳ್ಳಿ. 1.5ರ ವೈರ್‌ನಲ್ಲಿ 12 ಆಂಪ್‌ಗೆ ಅರ್ಧ ವೋಲ್ಟ್‌ನಷ್ಟು ಕಳೆಯುತ್ತದೆ. ಸ್ಪೀಕರ್‌ಗೆ ಹಾಕುವಂಥ 0.5ರ ವೈರ್ ಎಳೆದರೆ ಒಂದೂವರೆ ವೋಲ್ಟ್‌ಗೂ ಹೆಚ್ಚು ದಾರಿಯಲ್ಲೇ ಹೋಗುತ್ತದೆ. ‘ಸೊಲೆನಾಯ್ಡ್ ಟಕ್ ಅನ್ನುತ್ತೆ, ಡಿಕ್ಕಿ ತೆರೆಯಲ್ಲ’ ಎಂಬ ದೂರುಗಳಲ್ಲಿ ಬಹುಪಾಲು ಇದೇ. ಉಳಿದದ್ದು ಬಣ್ಣ ಕೆರೆಯದೆ ಬಿಗಿದ ಅರ್ತ್.

ಕಾಯಿಲ್‌ಗೆ ಅಡ್ಡಲಾಗಿ, 85-86ರ ನಡುವೆ, ಕರೆಂಟನ್ನು ಒಂದೇ ಕಡೆಗೆ ಬಿಡುವ ಒಂದು 1ಎನ್4007 ಡಯೋಡ್ ಹಾಕಿ, ಬೆಳ್ಳಿ ಗೆರೆ 86ರ ಕಡೆಗೆ. ಕಾಯಿಲ್ ಬಿಡುವಾಗ ನೂರು ವೋಲ್ಟ್ ಮೀರಿದ ಒದೆ ಹಿಂದಕ್ಕೆ ಬರುತ್ತದೆ, ಟ್ರಾನ್ಸಿಸ್ಟರ್ ಸಾಯುವುದು ಅದಕ್ಕೇ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಚಿಲ್ಲರೆ ದುಡ್ಡಿಗೆ ಸಿಗುವ ವಸ್ತು. ತಿರುಗಿಸಿ ಹಾಕಿದರೆ ಮಾತ್ರ ಅದೇ ಶಾರ್ಟ್, ಕಿಟ್ ಆಗಲೇ ಹೋಯಿತು. ಒಳಗೇ ಡಯೋಡ್ ಇರುವ ರಿಲೇಯಾದರೆ ಮೈಮೇಲಿನ ಚಿತ್ರದಲ್ಲಿ ಅದು ಕಾಣುತ್ತದೆ. ಅಲ್ಲಿ 85-86 ಅದಲುಬದಲು ಮಾಡುವಂತಿಲ್ಲ.

ಯಾರೂ ಕೇಳದ, ಕೇಳಬೇಕಾಗಿದ್ದ ಪ್ರಶ್ನೆ ಒಂದಿದೆ. ರಿಮೋಟ್ ಜೇಬಿನಲ್ಲಿ ಒತ್ತಿಕೊಂಡು ಹೆದ್ದಾರಿಯಲ್ಲಿ ಡಿಕ್ಕಿ ತೆರೆದುಕೊಂಡರೆ? ಐದು ಪಿನ್‌ನ ರಿಲೇಯ ನಡುವಿನ 87ಎ ಇರುವುದು ಇಂಥದ್ದಕ್ಕೆ. ಕಾಯಿಲ್ ಸುಮ್ಮನಿದ್ದಾಗ 30 ಮತ್ತು 87ಎ ಕೂಡಿರುತ್ತವೆ, ಎಳೆದಾಗ ಬಿಡುತ್ತವೆ. ಅಂಥ ಎರಡನೇ ರಿಲೇ ತಂದು ಅದರ 86ಕ್ಕೆ ಇಗ್ನಿಷನ್ ಲೈನ್ (ಚಾವಿ ಆನ್ ಇದ್ದಾಗ ಮಾತ್ರ ಕರೆಂಟ್ ಇರುವ ವೈರ್), 85ಕ್ಕೆ ಬಾಡಿ, 30ಕ್ಕೆ ಫ್ಯೂಸ್ ದಾಟಿದ ಪಾಸಿಟಿವ್ ಕೊಡಿ. ಮೊದಲ ರಿಲೇಯ 86ಕ್ಕೆ ಹಾಕಿದ್ದ ಚಿಕ್ಕ ತುಂಡನ್ನು ತೆಗೆದು, ಆ 86ನ್ನು ಈ 87ಎಗೆ ಸೇರಿಸಿ. ಚಾವಿ ಆನ್ ಇದ್ದಷ್ಟು ಹೊತ್ತು ಬಟನ್ ಎಷ್ಟು ಒತ್ತಿದರೂ ಡಿಕ್ಕಿ ಕದಲುವುದಿಲ್ಲ.

ಇಗ್ನಿಷನ್ ಲೈನ್ ಎಂದುಕೊಂಡು ಸದಾ ಕರೆಂಟ್ ಇರುವ ಲೈನ್ ಹಿಡಿದರೆ ಎರಡು ಲಕ್ಷಣ: ಡಿಕ್ಕಿ ಎಂದೂ ತೆರೆಯದು, ಮತ್ತು ಕಾರು ನಿಂತು ಗಂಟೆಗಳಾದರೂ ರಿಲೇ ಮುಟ್ಟಿದರೆ ಬೆಚ್ಚಗಿರುತ್ತದೆ. ಆ 0.15 ಆಂಪ್ ದಿನಕ್ಕೆ 3.6 ಆಂಪ್-ಅವರ್, 35ರ ಬ್ಯಾಟರಿ ಐದು ದಿನದಲ್ಲಿ ಅರ್ಧ ಖಾಲಿ. ಲೈನ್ ಹುಡುಕುವಾಗ ಹಳದಿ ಕವಚದ ಏರ್‌ಬ್ಯಾಗ್ ವೈರ್‌ಗಳ ತಂಟೆಗೆ ಹೋಗಬೇಡಿ, ಬಲ್ಬಿನ ಟೆಸ್ಟ್ ಲ್ಯಾಂಪನ್ನೂ ಎಲ್ಲೆಂದರಲ್ಲಿ ಚುಚ್ಚಬೇಡಿ, ಮೀಟರ್ ಇದೆಯಲ್ಲ.

ಹಾಂ, ಮೊದಲ ರಿಲೇಗೂ ಅಂಗಡಿಯವರು ಐದು ಪಿನ್‌ನದ್ದೇ ಕೊಟ್ಟಿದ್ದರೆ ಬಳಸಬಹುದು. ಆದರೆ ಅದರ ಖಾಲಿ 87ಎ ಬಿಡುವಾಗಿದೆ ಎಂದುಕೊಳ್ಳಬೇಡಿ: ರಿಲೇ ಸುಮ್ಮನಿರುವಾಗ ಅದರಲ್ಲಿ ಬ್ಯಾಟರಿಯ 12 ವೋಲ್ಟ್ ಕೂತಿರುತ್ತದೆ. ಹೀಟ್‌ಶ್ರಿಂಕ್ (ಕಾಯಿಸಿದರೆ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ತೊಡಿಸಿ, ಇಲ್ಲವೇ ಸಾಕೆಟ್‌ನಲ್ಲೇ ಕೂರಿಸಿ. ಕೂರಿಸುವಾಗ ಪಿನ್‌ಗಳು ನೆಲದ ಕಡೆಗಿರಲಿ, ವೈರ್ ಹಿಡಿದು ಇಳಿದುಬಂದ ನೀರು ಒಳಗೆ ನಿಲ್ಲದ ಹಾಗೆ.