ರೀಬೂಟ್ ಅಂದರೆ ಹೀರೊ ಬದಲಾಗುವುದಲ್ಲ

ಮೊನ್ನೆ ಊಟ ಮಾಡುತ್ತಿರುವಾಗ ಟಿವಿಯ ಕೆಳಗಿನ ಪಟ್ಟಿಯಲ್ಲಿ ಒಂದು ಸುದ್ದಿ ಓಡಿತು. ಹಳೆಯ ಕನ್ನಡ ಸಿನಿಮಾ ಒಂದು 4ಕೆಯಲ್ಲಿ 'ರೀಬೂಟ್' ಆಗಿ ಬರುತ್ತಿದೆಯಂತೆ. ಅದೇ ಸಿನಿಮಾ, ಅದೇ ಹಾಡು, ಅದೇ ಫೈಟು. ಬಣ್ಣ ತೊಳೆದು, ಸೌಂಡ್ ಸ್ವಲ್ಪ ಏರಿಸಿದ್ದಾರೆ. ಅದಕ್ಕೆ ಮರುಬಿಡುಗಡೆ ಅನ್ನುತ್ತಾರೆ. ಸುಮ್ಮನಿರೋಣ ಅಂದುಕೊಂಡೆ. ಅದೇ ವಾರ ಅಕ್ಕನ ಮಗ ಬಂದು, "ಮಾಮ, ಹಲ್ಕ್‌ನ ಮೂರು ಸಲ ರೀಬೂಟ್ ಮಾಡಿದಾರೆ ಗೊತ್ತಾ?" ಅಂದ. ಹಲ್ಕ್ ಅಂದರೆ ಸಿಟ್ಟು ಬಂದರೆ ಹಸಿರು ದೈತ್ಯನಾಗುವ ಹಾಲಿವುಡ್ ಸೂಪರ್‌ಹೀರೊ. ಮೂರಲ್ಲ ಕಣೋ, ಒಂದೇ ಅಂದೆ. ಅವನು ನಂಬಲಿಲ್ಲ. ಆಮೇಲೆ ನನಗೂ ಸುಮ್ಮನಿರಲು ಆಗಲಿಲ್ಲ.

ರೀಮೇಕ್ ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. 1993ರ ಮಲಯಾಳಂ 'ಮಣಿಚಿತ್ರತಾಳ್' 2004ರಲ್ಲಿ ನಮ್ಮಲ್ಲಿ 'ಆಪ್ತಮಿತ್ರ' ಆಯಿತು. ಅದು ರೀಮೇಕ್. 2010ರಲ್ಲಿ ಅದೇ ಡಾಕ್ಟರ್ ವಿಜಯ್ ಪಾತ್ರದಲ್ಲಿ ವಿಷ್ಣುವರ್ಧನ್ ಮತ್ತೆ ಬಂದ 'ಆಪ್ತರಕ್ಷಕ' ಸೀಕ್ವೆಲ್. ಎಲ್ಲರಿಗೂ ಗೊತ್ತಿರುವ ಮಾತು. ರೀಬೂಟ್ ಬಂದಾಗ ಮಾತ್ರ ಕೈಗೆ ಸಿಕ್ಕಿದ್ದನ್ನೆಲ್ಲ ಅದೇ ಡಬ್ಬಿಗೆ ತುಂಬುತ್ತೇವೆ.

ಪದ ಹುಟ್ಟಿದ ಕತೆ ಚೆನ್ನಾಗಿದೆ, ಸ್ವಲ್ಪ ಹೊತ್ತು ಅಲ್ಲೇ ಕೂರೋಣ. ನಮ್ಮ 'ಬೂಟಾಟಿಕೆ'ಗೂ ಇದಕ್ಕೂ ಸಂಬಂಧ ಇಲ್ಲ. (ಸ್ಟುಡಿಯೋಗಳ ಪ್ರಕಟಣೆ ಓದಿದಾಗ ಇದ್ದರೂ ಇರಬಹುದು ಅನ್ನಿಸುತ್ತದೆ, ಆ ಮಾತು ಬೇರೆ.) ಇದು ಕಾಲಿಗೆ ಹಾಕುವ ಬೂಟಿನಿಂದಲೇ ಬಂದದ್ದು. ಉದ್ದದ ಬೂಟಿನ ಮೇಲ್ತುದಿಯಲ್ಲಿ ಒಂದು ಪಟ್ಟಿ ಇರುತ್ತದೆ, ಹಿಡಿದು ಎಳೆದರೆ ಕಾಲು ಒಳಗೆ ಹೋಗುತ್ತದೆ. ಅದಕ್ಕೆ ಬೂಟ್‌ಸ್ಟ್ರಾಪ್ ಅಂತ ಹೆಸರು. ಆ ಪಟ್ಟಿ ಎಳೆದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದು ಅಂದರೆ ಆಗದ ಕೆಲಸ. 1830ರ ದಶಕದ ಅಮೆರಿಕದಲ್ಲಿ ಇದು ಗೇಲಿಯ ಮಾತಾಗಿತ್ತು. ಬರುಬರುತ್ತಾ ಅರ್ಥ ತಲೆಕೆಳಗಾಗಿ, ಯಾರ ಹಂಗೂ ಇಲ್ಲದೆ ಮೇಲೆ ಬರುವುದು ಅಂತ ಹೊಗಳಿಕೆಯಾಯಿತು.

1950ರ ದಶಕದ ಕಂಪ್ಯೂಟರ್ ಮಂದಿಗೆ ಇದೇ ತೊಡಕು ಎದುರಾಯಿತು. ಯಂತ್ರ ಆನ್ ಮಾಡಿದಾಗ ಅದರ ತಲೆ ಖಾಲಿ. ಪ್ರೋಗ್ರಾಂ ಓದಿಸಬೇಕು. ಓದುವುದು ಹೇಗೆ ಅಂತ ಹೇಳಿಕೊಡುವುದಕ್ಕೂ ಒಂದು ಪ್ರೋಗ್ರಾಂ ಬೇಕು. ಮೊಸರು ಮಾಡುವುದಕ್ಕೆ ಮೊಸರೇ ಬೇಕು ಅನ್ನುವ ಹಾಗೆ. ಅವರು ಮಾಡಿದ್ದೂ ನಮ್ಮ ಅಜ್ಜಿಯರ ಉಪಾಯವನ್ನೇ: ಒಂದು ಚಮಚ ಹೆಪ್ಪು. ಗುಂಡಿ ಒತ್ತಿದರೆ ಕಾರ್ಡಿನಿಂದಲೋ ಟೇಪಿನಿಂದಲೋ ನಾಲ್ಕಾರು ಆದೇಶಗಳು ಒಳಗೆ ಬರುತ್ತವೆ, ಉಳಿದದ್ದನ್ನು ಅವೇ ಎಳೆದುಕೊಂಡು ಬರುತ್ತವೆ. ಇದಕ್ಕೆ ಬೂಟ್‌ಸ್ಟ್ರಾಪ್ ಅಂದರು. ಅದು ಸವೆದು 'ಬೂಟ್' ಆಯಿತು, ಮತ್ತೊಮ್ಮೆ ಮಾಡಿದರೆ 'ರೀಬೂಟ್'.

ಕಂಪ್ಯೂಟರ್ ರೀಬೂಟ್ ಆದಾಗ ಏನು ಹೋಗುತ್ತದೆ, ಏನು ಉಳಿಯುತ್ತದೆ? ತೆರೆದಿಟ್ಟ ಕೆಲಸ, ಅರ್ಧ ಬರೆದು ಸೇವ್ ಮಾಡದ ಪತ್ರ, ಚಾಲ್ತಿಯ ನೆನಪು ಎಲ್ಲ ಹೋಗುತ್ತದೆ. ಡಿಸ್ಕ್ ಉಳಿಯುತ್ತದೆ. ಯಂತ್ರ ಉಳಿಯುತ್ತದೆ. ಯಂತ್ರದ ಮಾಲೀಕನಂತೂ ಉಳಿದೇ ಉಳಿಯುತ್ತಾನೆ, ಗುಂಡಿ ಒತ್ತಿದವನು ಅವನೇ ಅಲ್ವಾ. ಕತೆಯ ಲೋಕಕ್ಕೆ ಈ ಪದ ಸರಿಯಾಗಿ ಕೂತದ್ದು ಇದಕ್ಕೇ. ಇಲ್ಲಿಯವರೆಗೆ ನಡೆದದ್ದು ಯಾವುದೂ ನಡೆದಿಲ್ಲ ಅಂತ ತೀರ್ಮಾನಿಸಿ, ಅದೇ ಪಾತ್ರವನ್ನು ಮೊದಲಿಂದ ಶುರು ಮಾಡುವುದು ರೀಬೂಟ್. ಕಾಮಿಕ್ಸ್‌ನವರು ಇದನ್ನು ಮೊದಲೇ ಮಾಡಿದ್ದರು. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಕತೆಗಳ ಡಿಸಿ ಕಂಪನಿ 1985–86ರಲ್ಲಿ ತನ್ನ ಲೋಕಗಳನ್ನೆಲ್ಲ ಕಲಸಿ ಹೊಸದಾಗಿ ಕಟ್ಟಿತು. 2011ರಲ್ಲಿ 52 ಪತ್ರಿಕೆಗಳನ್ನು ಸಂಚಿಕೆ ಒಂದರಿಂದ ಶುರು ಮಾಡಿತು.

ಕೆಲವರು ಕನ್ನಡದಲ್ಲಿ 'ಮರುಚಾಲನೆ' ಅನ್ನುತ್ತಾರೆ. ನನಗೆ ಒಪ್ಪಿಗೆ ಇಲ್ಲ. "ನಿಂತುಹೋಗಿದ್ದ ಸೇತುವೆ ಕಾಮಗಾರಿಗೆ ಮರುಚಾಲನೆ" ಅಂತ ಪೇಪರಿನಲ್ಲಿ ಓದುತ್ತೇವಲ್ಲ, ಅಲ್ಲಿ ಕೆಲಸ ನಿಂತಲ್ಲಿಂದ ಮುಂದುವರಿಯುತ್ತದೆ. ಕಟ್ಟಿದ ಕಂಬ ಕೆಡವುವುದಿಲ್ಲ. ರೀಬೂಟ್‌ನಲ್ಲಿ ಕಂಬ ಕೆಡವುತ್ತಾರೆ, ಅರ್ಥ ಪೂರ್ತಿ ಉಲ್ಟಾ.

ಇನ್ನು ಜಾಸ್ತಿ ಜನ ಎಡವುವ ಜಾಗಕ್ಕೆ ಬರೋಣ. ನಟ ಬದಲಾದರೆ ರೀಬೂಟ್ ಅಂತ ಯಾರೋ ಎಲ್ಲರ ತಲೆಗೆ ತುಂಬಿಬಿಟ್ಟಿದ್ದಾರೆ. ರಾತ್ರಿಯಿಡೀ ನಡೆಯುವ ಯಕ್ಷಗಾನದ ಆಟ ನೋಡಿದವರು ಈ ತಪ್ಪು ಮಾಡಬಾರದು. ಹೊತ್ತು ಏರಿದಂತೆ ಅದೇ ಪಾತ್ರಕ್ಕೆ ಬೇರೆ ವೇಷಧಾರಿ ಬರುತ್ತಾರೆ. ಪ್ರಸಂಗ ಮೊದಲಿಂದ ಶುರುವಾಯಿತು ಅಂತ ಯಾರಾದರೂ ಚಾಪೆ ಸುತ್ತಿಕೊಂಡು ಎದ್ದು ಹೋಗುತ್ತಾರಾ?

ಅಕ್ಕನ ಮಗನ ಹಲ್ಕ್‌ನನ್ನೇ ತೆಗೆದುಕೊಳ್ಳಿ. 2003ರಲ್ಲಿ ಆಂಗ್ ಲೀ ನಿರ್ದೇಶನದಲ್ಲಿ ಎರಿಕ್ ಬಾನಾ. 2008ರಲ್ಲಿ ಎಡ್ವರ್ಡ್ ನಾರ್ಟನ್. 2012ರಲ್ಲಿ ಮಾರ್ಕ್ ರಫಲೋ. ಎರಡು ಬದಲಾವಣೆ, ಎರಡೂ ಒಂದೇ ಥರ ಕಾಣುತ್ತವೆ, ಆದರೆ ಬೇರೆ ಬೇರೆ. ಮೊದಲನೆಯದು ತುಸು ಮೋಸ ಮಾಡುತ್ತದೆ. 2003ರ ಸಿನಿಮಾ ಮುಗಿಯುವಾಗ ಹಲ್ಕ್ ಆಗುವ ವಿಜ್ಞಾನಿ ಬ್ರೂಸ್ ಬ್ಯಾನರ್ ದಕ್ಷಿಣ ಅಮೆರಿಕದ ಕಾಡಿನಲ್ಲಿದ್ದಾನೆ. 2008ರದು ಶುರುವಾಗುವಾಗ ಬ್ರೆಜಿಲ್‌ನಲ್ಲಿ ತಲೆ ಮರೆಸಿಕೊಂಡಿದ್ದಾನೆ. ಸೀಕ್ವೆಲ್ ಅನ್ನಿಸುವುದು ಸಹಜ. ಆದರೆ ಹೆಸರುಗಳು ಬರುವಾಗ ಹಿಂದೆ ಓಡುವ ದೃಶ್ಯಗಳನ್ನು ಗಮನಿಸಿ. ಅವನು ಹಲ್ಕ್ ಆದ ಬಗೆಯನ್ನೇ ಅಲ್ಲಿ ಬದಲಾಯಿಸಿದ್ದಾರೆ. ಮೊದಲಿನ ಸಿನಿಮಾದಲ್ಲಿ ಎಲ್ಲದರ ಬೇರು ಅಪ್ಪನ ಪ್ರಯೋಗ. ಇಲ್ಲಿ ಅಪ್ಪನ ಸುಳಿವೇ ಇಲ್ಲ, ಸೇನೆಗಾಗಿ ನಡೆದ ಪ್ರಯೋಗ ಕೆಟ್ಟುಹೋಗುತ್ತದೆ. ಎರಡು ಮೂರು ನಿಮಿಷದಲ್ಲಿ, ಮಾತಿಲ್ಲದೆ, ಹಳೆಯ ಸಿನಿಮಾವನ್ನು ಅಳಿಸಿಬಿಟ್ಟರು. ಇದು ರೀಬೂಟ್.

ಎರಡನೆಯ ಬದಲಾವಣೆ ಬರೀ ನಟನದು. ರಫಲೋನ ಹಲ್ಕ್‌ಗೆ ನಾರ್ಟನ್‌ನ ಹಲ್ಕ್ ಮಾಡಿದ್ದೆಲ್ಲ ನೆನಪಿದೆ. ಸಾಕ್ಷಿ ಬೇಕಾದರೆ ಪಕ್ಕದಲ್ಲಿ ನಿಂತವರನ್ನು ನೋಡಿ. 2008ರಲ್ಲಿ ಅವನ ಬೆನ್ನಟ್ಟಿದ ಜನರಲ್ ರಾಸ್ ಪಾತ್ರದ ವಿಲಿಯಂ ಹರ್ಟ್, 2016ರಲ್ಲಿ ಅದೇ ರಾಸ್ ಆಗಿ ಮತ್ತೆ ಬಂದರು. ಹರ್ಟ್ ತೀರಿಕೊಂಡ ಮೇಲೆ 2025ರಲ್ಲಿ ಆ ಪಾತ್ರ ಹ್ಯಾರಿಸನ್ ಫೋರ್ಡ್‌ಗೆ ಹೋಯಿತು. ಅದೂ ರೀಬೂಟ್ ಅಲ್ಲ.

ಬ್ಯಾಟ್‌ಮ್ಯಾನ್‌ಗೂ ಇದೇ ಲೆಕ್ಕ. 1989ರಿಂದ 1997ರ ಒಳಗೆ ನಾಲ್ಕು ಸಿನಿಮಾ, ಮೂವರು ಬ್ಯಾಟ್‌ಮ್ಯಾನ್: ಮೈಕಲ್ ಕೀಟನ್, ವಾಲ್ ಕಿಲ್ಮರ್, ಜಾರ್ಜ್ ಕ್ಲೂನಿ. ಮುಖವಾಡದ ಒಳಗಿನ ಗಲ್ಲ ಬದಲಾಗುತ್ತಾ ಹೋಯಿತು. ಆದರೆ ನಾಲ್ಕರಲ್ಲೂ ಮನೆ ನೋಡಿಕೊಳ್ಳುವ ಆಲ್ಫ್ರೆಡ್ ಒಬ್ಬರೇ, ಮೈಕಲ್ ಗಾಫ್. ಪೊಲೀಸ್ ಕಮಿಷನರ್ ಕೂಡ ಒಬ್ಬರೇ. ಅಂದರೆ ಒಂದೇ ಸಂಸಾರ. ಇಲ್ಲಿ ಬದಲಾದದ್ದು ಸ್ಟುಡಿಯೋದ ಮನಸ್ಸು. 1992ರ ಎರಡನೇ ಸಿನಿಮಾ ಮಕ್ಕಳಿಗೆ ತೀರಾ ಕತ್ತಲು ಅಂತ ಅಪ್ಪ ಅಮ್ಮಂದಿರು ಗದ್ದಲ ಮಾಡಿದರು. ಮೆಕ್‌ಡೊನಾಲ್ಡ್ಸ್ ಮಕ್ಕಳ ಊಟದ ಜೊತೆ ಅದರ ಆಟಿಕೆ ಕೊಡುತ್ತಿತ್ತು, ಬೈಗುಳ ಅವರಿಗೂ ಬಿತ್ತು. ವಾರ್ನರ್ ಬ್ರದರ್ಸ್ ನಿರ್ದೇಶಕ ಟಿಮ್ ಬರ್ಟನ್‌ರನ್ನು ನಿರ್ಮಾಪಕರ ಕುರ್ಚಿಗೆ ಸರಿಸಿ ಜೋಯೆಲ್ ಶುಮಾಕರ್‌ರನ್ನು ತಂದಿತು. ಬಣ್ಣ ಜಾಸ್ತಿಯಾಯಿತು, ಆಟಿಕೆಗೆ ಒಗ್ಗುವ ಗಾಡಿಗಳು ಜಾಸ್ತಿಯಾದವು. 1997ರದು ಎಷ್ಟು ನಗೆಪಾಟಲಾಯಿತೆಂದರೆ ಮುಂದಿನ ಸಿನಿಮಾವನ್ನೇ ಕೈಬಿಟ್ಟರು. ಗುಂಡಿ ಒತ್ತಿದ್ದು ಎಂಟು ವರ್ಷದ ನಂತರ, 2005ರಲ್ಲಿ, ಕ್ರಿಸ್ಟೋಫರ್ ನೋಲನ್ ಕೈಯಲ್ಲಿ. ಸಿನಿಮಾ ಮಂದಿಯ ಬಾಯಲ್ಲಿ ರೀಬೂಟ್ ಪದ ಓಡಾಡತೊಡಗಿದ್ದೂ ಹೆಚ್ಚುಕಡಿಮೆ ಆಗಿನಿಂದ.

ಪಕ್ಕದವರನ್ನು ನೋಡುವ ಈ ಉಪಾಯ ಒಮ್ಮೊಮ್ಮೆ ಕೈಕೊಡುತ್ತದೆ. ಸ್ಪೈಡರ್‌ಮ್ಯಾನ್‌ನನ್ನು ಬೈಯುವ ಪತ್ರಿಕೆಯ ಯಜಮಾನ ಜೇಮ್ಸನ್ ಆಗಿ ಜೆ.ಕೆ. ಸಿಮನ್ಸ್ 2002ರಲ್ಲೂ ಇದ್ದಾರೆ, 2019ರಲ್ಲೂ ಇದ್ದಾರೆ. ಆದರೆ ಎರಡನೆಯ ಜೇಮ್ಸನ್‌ಗೆ ಮೊದಲನೆಯವನ ಬದುಕು ಗೊತ್ತೇ ಇಲ್ಲ. ಮುಖ ಒಂದೇ, ಲೋಕ ಬೇರೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಒಂದೇ: ಪಾತ್ರಕ್ಕೆ ಹಿಂದಿನದು ನೆನಪಿದೆಯಾ?

ಗುಂಡಿ ಒತ್ತುವವರು ಯಾರು ಅನ್ನುವುದಕ್ಕೆ ಸ್ಪೈಡರ್‌ಮ್ಯಾನ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಅವನ ಕಾಮಿಕ್ಸ್ ತರುವ ಮಾರ್ವೆಲ್ 1996ರಲ್ಲಿ ದಿವಾಳಿ ಅರ್ಜಿ ಹಾಕಿದ ಕಂಪನಿ. ಅವನ ಸಿನಿಮಾ ಹಕ್ಕು 1999ರಲ್ಲಿ ಸೋನಿ ಪಾಲಾಯಿತು. ನಿರ್ದೇಶಕ ಸ್ಯಾಮ್ ರೈಮಿ ಮತ್ತು ನಟ ಟೋಬಿ ಮ್ಯಾಗ್ವೈರ್ ಜೋಡಿ 2002, 2004, 2007ರಲ್ಲಿ ಮೂರು ಸಿನಿಮಾ ಮಾಡಿತು. ಮೂರನೆಯದರಲ್ಲಿ ವೆನಮ್ ಅನ್ನುವ ವಿಲನ್ ಬೇಕೇ ಬೇಕು ಅಂದದ್ದು ನಿರ್ಮಾಪಕ ಅವಿ ಅರಾದ್. ರೈಮಿಗೆ ಅದು ಅಷ್ಟಾಗಿ ಹಿಡಿಸಿರಲಿಲ್ಲ. ಸಿನಿಮಾ ನೋಡಿದರೆ ಗೊತ್ತಾಗುತ್ತದೆ, ಮೂವರು ವಿಲನ್‌ಗಳು ಬಸ್ಸಿನ ಒಂದೇ ಸೀಟಿಗೆ ಗುದ್ದಾಡುವ ಹಾಗಿದೆ. ಆದರೂ ಸುಮಾರು 89 ಕೋಟಿ ಡಾಲರ್ ಬಾಚಿತು. ನಾಲ್ಕನೆಯದು 2011ರ ಮೇ ತಿಂಗಳಿಗೆ ನಿಗದಿಯಾಗಿತ್ತು. ಕತೆ ಮನಸ್ಸಿಗೆ ಒಪ್ಪುತ್ತಿಲ್ಲ, ಆ ದಿನಾಂಕಕ್ಕೆ ಆಗುವುದಿಲ್ಲ ಅಂದರು ರೈಮಿ. 2010ರ ಜನವರಿಯಲ್ಲಿ ಸೋನಿ ರೈಮಿಯನ್ನೂ ಮ್ಯಾಗ್ವೈರ್‌ನನ್ನೂ ಬಿಟ್ಟು ಹೊಸದಾಗಿ ಶುರು ಮಾಡುವುದಾಗಿ ಹೇಳಿತು. ಸೋತ ಸಿನಿಮಾಕ್ಕೆ ಮಾತ್ರ ರೀಬೂಟ್ ಅನ್ನುವವರು ಈ 89 ಕೋಟಿಯನ್ನು ಸ್ವಲ್ಪ ನೋಡಲಿ.

ಅಷ್ಟು ಅವಸರ ಯಾಕೆ? ಹಕ್ಕು ಅನ್ನುವುದು ಗೇಣಿಗೆ ಹಾಕಿಕೊಂಡ ಹೊಲದ ಹಾಗೆ. ಬೀಳು ಬಿಟ್ಟರೆ ಒಡೆಯನಿಗೆ ವಾಪಸ್. 2014ರಲ್ಲಿ ಸೋನಿಯ ಕಂಪ್ಯೂಟರ್‌ಗಳಿಗೆ ಕನ್ನ ಬಿದ್ದಾಗ ಹೊರಬಂದ 2011ರ ಕರಾರಿನ ಪ್ರಕಾರ, ಒಂದು ಸಿನಿಮಾ ಬಿಡುಗಡೆಯಾಗಿ 3 ವರ್ಷ 9 ತಿಂಗಳೊಳಗೆ ಮುಂದಿನದರ ಕೆಲಸ ಶುರುವಾಗಬೇಕು, 5 ವರ್ಷ 9 ತಿಂಗಳೊಳಗೆ ಅದು ತೆರೆಗೆ ಬರಬೇಕು. ಇಲ್ಲದಿದ್ದರೆ ಸ್ಪೈಡರ್‌ಮ್ಯಾನ್ ಮಾರ್ವೆಲ್‌ಗೆ ಹೋಗುತ್ತಾನೆ. ಹಾಗಾಗಿ ಕತೆ ಇದ್ದರೂ ಇಲ್ಲದಿದ್ದರೂ ಬಿತ್ತಲೇಬೇಕು. ಇದೇ ಗೇಣಿಯ ಇನ್ನೊಂದು ತುದಿ ಮಾರ್ವೆಲ್‌ನದೇ ನಾಲ್ವರು ಸೂಪರ್‌ಹೀರೊಗಳ ತಂಡ ಫೆಂಟಾಸ್ಟಿಕ್ ಫೋರ್. ಜರ್ಮನಿಯ ಕಾನ್‌ಸ್ಟಾಂಟಿನ್ ಕಂಪನಿಯ ಹಕ್ಕು 1992ರ ಕೊನೆಗೆ ಮುಗಿಯುತ್ತಿತ್ತು. ಆ ಡಿಸೆಂಬರಿನ ಕೊನೆಯ ವಾರದಲ್ಲಿ ಚಿತ್ರೀಕರಣ ಶುರು ಮಾಡಿ ಸುಮಾರು 10 ಲಕ್ಷ ಡಾಲರ್‌ನಲ್ಲಿ ಸಿನಿಮಾ ಮುಗಿಸಿದರು. ಅದು ಬಿಡುಗಡೆಯೇ ಆಗಲಿಲ್ಲ. ಹಕ್ಕು ಮಾತ್ರ ಉಳಿಯಿತು.

ಸೋನಿಯ ಹೊಸ ಸ್ಪೈಡರ್‌ಮ್ಯಾನ್ ಆಂಡ್ರೂ ಗಾರ್ಫೀಲ್ಡ್ 2012ರಲ್ಲಿ ಬಂದ. ಅವನಿಗೆ ಶಕ್ತಿ ಕೊಡುವ ಜೇಡ ಮತ್ತೆ ಕಚ್ಚಿತು, ಅವನನ್ನು ಸಾಕಿದ ಬೆನ್ ದೊಡ್ಡಪ್ಪ ಹತ್ತು ವರ್ಷದಲ್ಲಿ ಎರಡನೇ ಸಲ ಸತ್ತ. 2014ರ ಎರಡನೇ ಸಿನಿಮಾ ಕತೆ ಹೇಳುವುದಕ್ಕಿಂತ ಮುಂದೆ ಬರಬೇಕಿದ್ದ ಸಿನಿಮಾಗಳಿಗೆ ಅಡಿಪಾಯ ಅಗೆಯುವುದರಲ್ಲೇ ಸುಸ್ತಾಯಿತು. ಗಳಿಕೆ ಸುಮಾರು 71 ಕೋಟಿ ಡಾಲರಿಗೆ ಇಳಿಯಿತು. 2015ರ ಫೆಬ್ರವರಿಯಲ್ಲಿ ಸೋನಿ ಮಾರ್ವೆಲ್ ಜೊತೆ ರಾಜಿ ಮಾಡಿಕೊಂಡಿತು: ಹಣ ಮತ್ತು ಕೊನೆಯ ಮಾತು ಸೋನಿಯದು, ಮಾಡುವ ಕೈ ಮಾರ್ವೆಲ್‌ನದು. ಗಾರ್ಫೀಲ್ಡ್ ಹೋದ, ಟಾಮ್ ಹಾಲೆಂಡ್ ಬಂದ. ಈ ಸಲ ಜೇಡ ಕಚ್ಚುವುದನ್ನು ತೋರಿಸಲೇ ಇಲ್ಲ. ಆದ್ದರಿಂದ ಇದು ರೀಬೂಟ್ ಅಲ್ಲ ಅಂತ ವಾದಿಸುವವರಿದ್ದಾರೆ. ಹುಟ್ಟಿದ ಕತೆ ಮತ್ತೆ ಹೇಳಲೇಬೇಕು ಅಂತ ನಿಯಮವೇನಿಲ್ಲ ಸ್ವಾಮಿ. ನೆನಪು ಅಳಿಸಿದರೆ ಸಾಕು. 2019ರ ಆಗಸ್ಟಿನಲ್ಲಿ ಹಣದ ಪಾಲಿಗೆ ಜಗಳವಾಗಿ ರಾಜಿ ಮುರಿಯಿತು, ಮುಂದಿನ ತಿಂಗಳೇ ಕೂಡಿಕೊಂಡರು. 2021ರಲ್ಲಿ ಮೂವರು ಸ್ಪೈಡರ್‌ಮ್ಯಾನ್‌ಗಳನ್ನೂ ಒಂದೇ ಸಿನಿಮಾದಲ್ಲಿ ತಂದರು, ಗಳಿಕೆ 190 ಕೋಟಿ ಡಾಲರ್ ದಾಟಿತು. ಅಳಿಸಿದ್ದರಲ್ಲೂ ಕಾಸಿದೆ ಅಂತ ಆಗ ಗೊತ್ತಾಯಿತು.

ಈಗಿನ ಸೂಪರ್‌ಮ್ಯಾನ್ ಸ್ವಲ್ಪ ತಂಟೆ. ಹಿಂದಿನ ಸೂಪರ್‌ಮ್ಯಾನ್ ಹೆನ್ರಿ ಕ್ಯಾವಿಲ್ 2022ರ ಅಕ್ಟೋಬರಿನಲ್ಲಿ ಮರಳಿ ಬರುತ್ತೇನೆ ಅಂದ. ಅದರ ಮುಂದಿನ ತಿಂಗಳು ಡಿಸಿ ಸಿನಿಮಾಗಳ ಉಸ್ತುವಾರಿ ಜೇಮ್ಸ್ ಗನ್ ಮತ್ತು ಪೀಟರ್ ಸಾಫ್ರನ್ ಕೈಗೆ ಬಂತು. ಡಿಸೆಂಬರಿನಲ್ಲಿ ಕ್ಯಾವಿಲ್ ಇಲ್ಲ ಅಂತಾಯಿತು. 2025ರ ಜುಲೈನಲ್ಲಿ ಡೇವಿಡ್ ಕಾರೆನ್ಸ್‌ವೆಟ್ ಜೊತೆ ಹೊಸ ಲೋಕದ ಮೊದಲ ಸಿನಿಮಾ ಬಂತು. ಇಲ್ಲಿಯವರೆಗೆ ನೇರ ರೀಬೂಟ್. ಆದರೆ ಗನ್ ಅದಕ್ಕೂ ಮುಂಚೆ ಹಳೆಯ ಲೋಕದಲ್ಲೇ 'ಪೀಸ್‌ಮೇಕರ್' ಸರಣಿ ಮಾಡಿದ್ದರು, ಅದನ್ನು ಬಿಡಲು ಅವರಿಗೆ ಮನಸ್ಸಿಲ್ಲ. ಮೊದಲ ಸೀಸನ್ ಕೊನೆಗೆ ಡಿಸಿಯ ಹಳೆಯ ಸೂಪರ್‌ಹೀರೊ ತಂಡ ಜಸ್ಟಿಸ್ ಲೀಗ್ ಬಂದು ನಿಲ್ಲುತ್ತದೆ, ಹಳೆಯ ಆಕ್ವಾಮ್ಯಾನ್ ಮತ್ತು ಫ್ಲ್ಯಾಶ್ ಸಮೇತ. 2025ರ ಆಗಸ್ಟಿನಲ್ಲಿ ಎರಡನೇ ಸೀಸನ್ ಬಂತು. ಶುರುವಿನಲ್ಲಿ "ಹಿಂದೆ ಏನಾಯಿತು" ಅಂತ ತೋರಿಸುತ್ತಾರಲ್ಲ, ಅದನ್ನೇ ತಿದ್ದಿದ್ದಾರೆ. ಅದೇ ಜಾಗ, ಅದೇ ಹೊತ್ತು, ಅದೇ ಪೀಸ್‌ಮೇಕರ್. ಎದುರಿಗೆ ನಿಂತಿರುವುದು ಮಾತ್ರ ಹೊಸ ಸಿನಿಮಾದ ತಂಡ ಜಸ್ಟಿಸ್ ಗ್ಯಾಂಗ್. ಇದನ್ನು ಅಕ್ಕನ ಮಗನಿಗೆ ತೋರಿಸಿದೆ. ಎರಡೂ ತುಣುಕುಗಳನ್ನು ಹಿಂದೆ ಮುಂದೆ ಓಡಿಸಿ ನಾಲ್ಕು ಸಲ ನೋಡಿದ. "ಮಾಮ, ಇದಕ್ಕೇನಂತಾರೆ?" ಅಂದ.

"ಸುಳ್ಳು ಅಂತಾರೆ" ಅಂದೆ.