ಹೊರಗೋಡೆಯ ದೀಪದ ತಂತಿ: ಮರೆಮಾಡಿ, ಗಾರೆಯಲ್ಲಿ ಹೂಳಬೇಡಿ

ಪ್ರಶ್ನೆ: ಮನೆಗೆ ಬಣ್ಣ ಹೊಡೆಸಿ ಆದ ಮೇಲೆ ಮುಂಭಾಗದ ಗೋಡೆಗೆ 12 ವೋಲ್ಟ್‌ನ ಎಲ್‌ಇಡಿ ದೀಪ ಹಾಕಿಸಿದ್ದೇವೆ. ತಂತಿ ಎದ್ದು ಕಾಣುತ್ತದೆ. ಗೋಡೆ ಕೊರೆದು ಗಾರೆ ಮೆತ್ತಿಬಿಡಬಹುದೇ? ‘12 ವೋಲ್ಟ್ ತಾನೇ, ಏನೂ ಆಗುವುದಿಲ್ಲ’ ಎನ್ನುತ್ತಾರೆ.

ಉತ್ತರ: ದೀಪಾವಳಿ ಹತ್ತಿರವಾದಂತೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಮತ್ತೊಮ್ಮೆ ಹೇಳುತ್ತೇನೆ: ಕೊರೆಯುವ ಅಗತ್ಯವೇ ಇಲ್ಲ. ಸಜ್ಜದ ಅಡಿಯಲ್ಲಿ ಅದು ಗೋಡೆಗೆ ಸೇರುವ ಮೂಲೆ, ಪ್ಯಾರಾಪೆಟ್‌ನ ಒಳಮೈ, ತಾರಸಿಯಿಂದ ಇಳಿಯುವ ಮಳೆನೀರಿನ ಪೈಪಿನ ಹಿಂಬದಿ, ಇವು ಹೆಚ್ಚಿನ ಮನೆಗಳಲ್ಲಿ ಇರುತ್ತವೆ, ಯಾರ ಕಣ್ಣೂ ಅಲ್ಲಿಗೆ ಹೋಗುವುದಿಲ್ಲ. ತಂತಿಯನ್ನು ಈ ದಾರಿಯಲ್ಲೇ ತನ್ನಿ. ಬಯಲಾಗುವ ಕಡೆ ಸಣ್ಣ ಪಿವಿಸಿ ಪೈಪ್ ಅಥವಾ ಪಟ್ಟಿ ಹಾಕಿ, ಮರಳು ಕಾಗದದಿಂದ ಉಜ್ಜಿ, ಗೋಡೆಯ ಬಣ್ಣವನ್ನೇ ಬಳಿಯಿರಿ. ಉಜ್ಜದಿದ್ದರೆ ಬಣ್ಣ ಕಿತ್ತು ಬರುತ್ತದೆ. ಓರೆಯಾಗಿ ಮಾತ್ರ ಎಳೆಯಬೇಡಿ. ನೇರ ಗೆರೆ ಕಟ್ಟಡದ ಭಾಗದಂತೆ ಕಾಣುತ್ತದೆ, ಓರೆ ಗೆರೆ ಬೀದಿಯ ತುದಿಯಿಂದಲೇ ಕಾಣುತ್ತದೆ.

ಈಗ ಆ ‘12 ವೋಲ್ಟ್ ತಾನೇ’ ಎಂಬ ಮಾತಿಗೆ ಬರೋಣ. ಒಣ ಕೈಯಿಂದ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ, ಅಷ್ಟು ನಿಜ. ಆದರೆ ಶಾಕ್ ಹೊಡೆಯದ ತಂತಿ ಬಿಸಿಯಾಗುವುದಿಲ್ಲ ಎಂದು ಯಾರು ಹೇಳಿದರು? ಲೆಕ್ಕ ನೋಡಿ. 60 ವ್ಯಾಟ್‌ನ ದೀಪಗಳು 230 ವೋಲ್ಟ್‌ನಲ್ಲಿ ಸುಮಾರು ಕಾಲು ಆಂಪಿಯರ್ ಎಳೆದರೆ, 12 ವೋಲ್ಟ್‌ನಲ್ಲಿ 5 ಆಂಪಿಯರ್ ಎಳೆಯುತ್ತವೆ. ಅಂದರೆ 19 ಪಟ್ಟು. ತಂತಿಗಳ ಜೋಡಣೆಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗದ (19 × 19) ಪ್ರಕಾರ ಏರುವುದರಿಂದ, ಅದೇ ಸಡಿಲ ಜೋಡಣೆಯಲ್ಲಿ 360 ಪಟ್ಟಿಗೂ ಹೆಚ್ಚು ಶಾಖ ಹುಟ್ಟುತ್ತದೆ. ಬರೀ ತಿರುಚಿ ಟೇಪ್ ಸುತ್ತಿದ ಜೋಡಣೆಯನ್ನು ಗಾರೆಯೊಳಗೆ ಮುಚ್ಚುವುದೆಂದರೆ ಈ ಶಾಖವನ್ನೇ ಮುಚ್ಚಿದಂತೆ. ಫ್ಯೂಸ್ ಇಲ್ಲದಿದ್ದರೆ ಅಪಾಯ ಇನ್ನೂ ಹೆಚ್ಚು.

ಎರಡನೆಯ ಪೆಟ್ಟು ಬೆಳಕಿಗೆ. 1 ಚದರ ಮಿಲಿಮೀಟರ್ ತಾಮ್ರದ ತಂತಿಯನ್ನು 10 ಮೀಟರ್ ದೂರ ಎಳೆದರೆ, ಹೋಗಿ ಬರುವ 20 ಮೀಟರಿನಲ್ಲಿ ಆ 5 ಆಂಪಿಯರ್‌ಗೆ ಸುಮಾರು 1.8 ವೋಲ್ಟ್ ಸೋರಿಹೋಗುತ್ತದೆ. 230ರಲ್ಲಿ ಅಷ್ಟು ಹೋದರೆ ಗೊತ್ತೇ ಆಗುವುದಿಲ್ಲ, 12ರಲ್ಲಿ ಕೊನೆಯ ದೀಪ ಮಂಕಾಗುತ್ತದೆ. ಎರಡೂವರೆ ಚದರ ಮಿಲಿಮೀಟರಿನ ತಂತಿ ಹಾಕಿದರೆ ನಷ್ಟ ಮುಕ್ಕಾಲು ವೋಲ್ಟ್‌ಗೆ ಇಳಿಯುತ್ತದೆ. ವೋಲ್ಟ್ ಕಡಿಮೆಯಾದಷ್ಟೂ ತಂತಿ ದಪ್ಪವಿರಬೇಕು, ತೆಳುವಲ್ಲ! ಇದನ್ನು ಒಪ್ಪಿಸುವಷ್ಟರಲ್ಲಿ ಪ್ರತಿ ಸಲವೂ ನನಗೆ ಸಾಕಾಗಿಹೋಗುತ್ತದೆ.

ಗಾರೆಯೊಳಗಿನ ತೇವದ ಕಥೆ ಬೇರೆ. ಈ ದೀಪಗಳಿಗೆ ಸಾಮಾನ್ಯವಾಗಿ ಹರಿಯುವುದು ಡಿಸಿ, ಅಂದರೆ ಒಂದೇ ದಿಕ್ಕಿನ ಕರೆಂಟ್; ತಂತಿಯ ಹೊದಿಕೆಯ ತೂತಿಗೆ ನೀರು ಸೇರಿದರೆ ಪ್ಲಸ್ ತಂತಿಯ ತಾಮ್ರ ಹಸಿರುಗಟ್ಟಿ ಸವೆಯುತ್ತದೆ. ಕರಾವಳಿ, ಮಲೆನಾಡಿನ ಗೋಡೆಗಳು ಮಳೆಗಾಲವಿಡೀ ನೆನೆದೇ ಇರುತ್ತವೆ. ಪೈಪಿನಲ್ಲಿದ್ದರೆ ಕೆಟ್ಟ ತಂತಿಯನ್ನು ಎಳೆದು ಬದಲಿಸಬಹುದು, ಗಾರೆಯಲ್ಲಿದ್ದರೆ ಗೋಡೆಯನ್ನೇ ಒಡೆಯಬೇಕು.

ತಂತಿ ಮನೆಯೊಳಗೆ ಹೋಗುವ ತೂತನ್ನು ಹೊರಕ್ಕೆ ಇಳಿಜಾರಾಗಿ ಕೊರೆಸಿ. ತೂತಿನ ಮುಂದೆ ತಂತಿಯನ್ನು ಒಂದಿಷ್ಟು ಕೆಳಗೆ ಬಾಗಿಸಿ ಮೇಲೆ ತಂದರೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. 230 ವೋಲ್ಟನ್ನು 12ಕ್ಕೆ ಇಳಿಸುವ ಡ್ರೈವರ್ ಪೆಟ್ಟಿಗೆಗೆ 230 ವೋಲ್ಟ್ ಬರುತ್ತದೆ, ಅದನ್ನು ಮನೆಯೊಳಗೆ ಗಾಳಿಯಾಡುವ ಜಾಗದಲ್ಲಿಡಿ. ಆ 230 ವೋಲ್ಟ್ ತಂತಿಯನ್ನೂ 12 ವೋಲ್ಟ್ ತಂತಿಯನ್ನೂ ಒಂದೇ ಪೈಪಿಗೆ ತುರುಕಬೇಡಿ.

ದೀಪದ ಬಣ್ಣದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಮುಂಗಾರಿನ ಮೊದಲ ಮಳೆಗೆ ರೆಕ್ಕೆ ಬಂದ ಗೆದ್ದಲು ನೀಲಿ ಛಾಯೆಯ ಬಿಳಿ ಬೆಳಕಿಗೆ ಹೆಚ್ಚು ಮುತ್ತುತ್ತದೆ. ಪೆಟ್ಟಿಗೆಯ ಮೇಲೆ 2700 ಅಥವಾ 3000 ಕೆಲ್ವಿನ್ ಎಂದಿರುವ ಹಳದಿ ಬೆಳಕಿನ ದೀಪ ಕೊಳ್ಳಿ, ಮುಖ ಕೆಳಗೆ ತಿರುಗಿಸಿ. ಬೆಳಕು ಪಕ್ಕದ ಮನೆಯವರ ಕಿಟಕಿಗೂ ಹೊಡೆಯುವುದಿಲ್ಲ.